ಟ್ರಂಕಿನಲ್ಲಿದ್ದ ಗೌರಿ

ಗೊಂಬೆ ಆಡಿಸುವವನು ಜನರನ್ನು ನಗಿಸಲು ಬೇರೆ ಕಷ್ಟಪಡಬೇಕಿಲ್ಲ, ಅವನ ಪಾಡೇ ಸಾಕು. ಎಂಬತ್ತರ ದಶಕದಲ್ಲಿ ಆರೇಳು ವರ್ಷ ನಾನು ಒಂದು ತಗಡಿನ ಟ್ರಂಕು ಹೊತ್ತು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಶಾಲೆಗಳನ್ನೆಲ್ಲ ಸುತ್ತಿದೆ. ಟ್ರಂಕಿನಲ್ಲಿ ಕೈ ತೂರಿಸಿ ಆಡಿಸುವ ನಾಲ್ಕು ಬಟ್ಟೆ ಗೊಂಬೆಗಳು. ಅವುಗಳಲ್ಲಿ ಮುಖ್ಯವಾದವಳು ಗೌರಿ. ಪೋಲಿಯೋ ಆದವಳು, ಒಂದು ಕಾಲು ಗಿಡ್ಡ, ಕಂಕುಳಲ್ಲಿ ಕಡ್ಡಿಯ ಊರುಗೋಲು. ಪೋಲಿಯೋ ಹನಿ ಹಾಕಿಸಿ, ಇಂಥ ಮಕ್ಕಳನ್ನೂ ಶಾಲೆಗೆ ಕಳಿಸಿ ಎಂದು ಅವಳ ಬಾಯಿಂದ ಹೇಳಿಸುವುದು ನನ್ನ ಕೆಲಸ.

ಹೇಳಿಸಿದ್ದೇ ಬಂತು, ಕಳಿಸಿದವರಿಲ್ಲ. ಮಿಡಿಗೇಶಿ ಕಡೆಯ ಒಂದು ಹಳ್ಳಿಯಲ್ಲಿ, ಕುರಿ ಕಾಯುವವರ ಮನೆಯ ಬಾಗಿಲ ಹಿಂದೆ, ಗೌರಿಯಂಥದೇ ಕಾಲಿನ ಎಂಟು ವರ್ಷದ ಹುಡುಗಿ ಕೂತಿರುತ್ತಿದ್ದಳು. ಅವಳೊಬ್ಬಳು ಶಾಲೆ ಸೇರಿದರೆ ಟ್ರಂಕು ಹೊತ್ತಿದ್ದು ಸಾರ್ಥಕ ಅಂದುಕೊಂಡಿದ್ದೆ.

ಚಾಪೆ ತಂದವರು

ಪಾವಗಡದ ಆಚೆ ಒಂದು ಊರಿನಲ್ಲಿ ಗೊಂಬೆಯಾಟ ಎಂದು ಡಂಗುರ ಹಾಕಿಸಿದ್ದರು. ಅಲ್ಲಿಯವರಿಗೆ ಗೊಂಬೆಯಾಟವೆಂದರೆ ತೊಗಲುಗೊಂಬೆ, ಬೆಳಗಿನವರೆಗೂ ರಾಮಾಯಣ. ಮಧ್ಯಾಹ್ನವೇ ಜನ ಚಾಪೆ, ಕಂಬಳಿ, ಮುದ್ದೆಯ ಗಂಟು ಸಮೇತ ಬಂದು ಕೂತರು. ನನ್ನ ಆಟ ಇಪ್ಪತ್ತು ನಿಮಿಷದ್ದು. ಗೌರಿ ಕೈ ಮುಗಿದು ಒಳಗೆ ಹೋದಳು. ಯಾರೂ ಏಳಲಿಲ್ಲ.

ಒಬ್ಬ ಅಜ್ಜಿ ತೆಲುಗಿನಲ್ಲಿ ಕೇಳಿದಳು, "ಅಯಿಪೋಯಿಂದಾ?"

ಮುಗಿಯಿತು ಎಂದೆ. ಅಜ್ಜಿಗೆ ನಂಬಿಕೆ ಬರಲಿಲ್ಲ. "ರಾವಣಾಸುರನೇ ಬರ್ಲಿಲ್ವಲ್ಲಪ್ಪ!"

ರಾವಣ ಇಲ್ಲ, ಪೋಲಿಯೋ ಹನಿ ಹಾಕಿಸಬೇಕು ಅನ್ನುವುದೇ ಕಥೆ ಎಂದು ವಿವರಿಸಿದೆ. ಅಜ್ಜಿ ಮುದ್ದೆಯ ಗಂಟು ಬಿಚ್ಚುತ್ತಾ, "ಆಗ್ಲಿ ಬುಡು, ನಾವು ಉಣ್ಣಾಗಂಟ ಇನ್ನೊಂದ್ಸಲ ಆಡು" ಎಂದಳು. ಅವರ ಊಟ ಮುಗಿಯುವಷ್ಟರಲ್ಲಿ ಗೌರಿಗೆ ಮೂರು ಸಲ ಪೋಲಿಯೋ ಬಂತು.

ದರ್ಜಿ ಮಾಡಿದ ಉಪಕಾರ

ಗೌರಿಯ ಲಂಗ ಹರಿದಿತ್ತು. ಸಿರಾದ ಒಬ್ಬ ಸಾಬರ ಹೊಲಿಗೆ ಅಂಗಡಿಯಲ್ಲಿ ಕೊಟ್ಟು, ಸಂಜೆ ಇಸಿದುಕೊಂಡು, ಬಿಚ್ಚಿ ನೋಡದೆ ಟ್ರಂಕಿಗೆ ಹಾಕಿದೆ. ಮಾರನೆಯ ದಿನ ಶಾಲೆಯಲ್ಲಿ ಗೌರಿ ಪರದೆಯ ಮೇಲೆ ಎದ್ದು, "ಮಕ್ಕಳೇ, ನನ್ನ ಒಂದು ಕಾಲು ಗಿಡ್ಡ" ಎಂದಳು.

"ಸುಳ್ಳು!" ಎಂದು ಇಡೀ ಶಾಲೆ ಕೂಗಿತು. ನೋಡಿದರೆ ಎರಡು ಕಾಲೂ ಸಮವಾಗಿವೆ!

ಸಿಟ್ಟಿನಲ್ಲಿ ಅಂಗಡಿಗೆ ಹೋದೆ. ದರ್ಜಿಯ ಮುಖದಲ್ಲಿ ಪುಣ್ಯ ಕಟ್ಟಿಕೊಂಡ ಕಳೆ. "ಬಚ್ಚಿ ಕಾಲು ಕಮ್ಮಿ ಇತ್ತು ಮೇಷ್ಟ್ರೇ, ಬಟ್ಟೆ ಸೇರಿಸಿ ಸರಿ ಮಾಡ್ಬುಟ್ಟೆ."

ಮತ್ತೆ ಗಿಡ್ಡ ಮಾಡಿಕೊಡಿ ಎಂದೆ. ಆತ ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಯಾ ಅಲ್ಲಾ! ನೆಟ್ಟಗಾಗಿರೋ ಮಗೂನ ಕಾಲು ನಾನು ಕತ್ತರಿಸಲ್ಲ."

ಕೊನೆಗೆ ಕೊರಟಗೆರೆಗೆ ಹೋಗುವ ಬಸ್ಸಿನಲ್ಲಿ ಬ್ಲೇಡು ಹಿಡಿದು ನಾನೇ ಕುಯ್ದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮೆಟ್ಟಿಲ ಪ್ರಶ್ನೆ

ಮಿಡಿಗೇಶಿ ಕಡೆಯ ಆ ಹುಡುಗಿ ನನ್ನೊಡನೆ ಮಾತಾಡುತ್ತಿರಲಿಲ್ಲ, ಗೌರಿಯೊಡನೆ ಆಡುತ್ತಿದ್ದಳು. ಒಂದು ದಿನ ಗೌರಿ, "ನಾನು ಶಾಲೆಗೆ ಹೋಗ್ತೀನಿ, ನೀನೂ ಬಾ" ಎಂದು ಕರೆದಳು.

"ನಿನ್ನ ಟ್ರಂಕಲ್ಲಿ ಹೊತ್ಕೊಂಡೋಯ್ತಾರೆ. ನನ್ನ ಯಾರು ಹೊತ್ತಾರು? ಇಸ್ಕೂಲ್ಗೆ ಐದು ಮೆಟ್ಲು ಅವೆ, ಹೆಂಗತ್ತೀಯ?"

ಅಷ್ಟು ವರ್ಷದಲ್ಲಿ ಯಾವ ಅಧಿಕಾರಿಯೂ ಕೇಳದ ಪ್ರಶ್ನೆ ಅದು. ಗೌರಿಯೇ ಹೇಗೋ ನನ್ನ ಮಾನ ಉಳಿಸಿದಳು: "ಮುಂದಿನ ವಾರ ಆಟ ಇದೆ. ಬಾ, ಹತ್ತಿ ತೋರಿಸ್ತೀನಿ."

ಹಾಜರಿ

ಆ ಊರಿನ ಹೆಡ್‌ಮಾಸ್ತರರು ಮೆಟ್ಟಿಲ ನೆಪ ಹೇಳಿ ಹುಡುಗಿಯನ್ನು ಸೇರಿಸಿಕೊಂಡಿರಲಿಲ್ಲ. ಆದರೆ ಪ್ರತಿ ಶಾಲೆಯಲ್ಲೂ ಒಂದಾದರೂ ಅಂಗವಿಕಲ ಮಗು ಇರಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಅವರು ತಲೆ ಕೆಡಿಸಿಕೊಳ್ಳದೆ ಹಾಜರಿ ಪುಸ್ತಕದಲ್ಲಿ ನನ್ನ ಗೊಂಬೆಯ ಹೆಸರು ಬರೆದು, ದಿನಾ ಹಾಜರಿಯನ್ನೂ ಹಾಕಿಬಿಟ್ಟಿದ್ದರು.

ಆಟದ ದಿನವೇ ಶಾಲಾ ಇನ್ಸ್‌ಪೆಕ್ಟರು ಬಂದರು. ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗಿದರು.

"ಗೌರಿ!"

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನಾನು ಟ್ರಂಕು ನೋಡಿದೆ.

"ಎಲ್ರೀ ಈ ಹುಡುಗಿ? ಕಾಲಿಲ್ಲದ ಮಗು ಎಲ್ಲಿಗೆ ಹೋಯ್ತು?"

"ಬಂದಿವ್ನಿ ಸಾ!"

ಎಲ್ಲರೂ ತಿರುಗಿದರು. ಗೌರಿ ಮೆಟ್ಟಿಲು ಹತ್ತುವುದನ್ನು ನೋಡಲೇಬೇಕೆಂದು ಹಟ ಹಿಡಿದ ಹುಡುಗಿ, ಅಪ್ಪನ ಹೆಗಲೇರಿ ಅಂಗಳಕ್ಕೆ ಬಂದಿದ್ದಳು.

"ನಿನ್ನ ಮಗಳೇನಯ್ಯಾ ಗೌರಿ?" ಎಂದರು ಇನ್ಸ್‌ಪೆಕ್ಟರು.

"ಮಗ್ಳೇಯ ಸಾಮಿ, ಆದ್ರೆ ಎಸ್ರು..."

ಹುಡುಗಿ ಅವನ ಎರಡು ಕಿವಿಯನ್ನೂ ಹಿಡಿದು ಎಳೆದಳು. "ಸುಮ್ಕಿರಪ್ಪೋ!"

ಹೆಡ್‌ಮಾಸ್ತರರೇ ಓಡಿಹೋಗಿ ಅವಳನ್ನು ಎತ್ತಿ, ಐದು ಮೆಟ್ಟಿಲು ಹತ್ತಿಸಿ, ಮೊದಲ ಸಾಲಿನಲ್ಲಿ ಕೂರಿಸಿದರು. ಅವತ್ತಿನಿಂದ ಅವಳು ಗೌರಿಯೇ ಆದಳು. ಹೆಸರು ತಿದ್ದಿಸೋಣ ಎಂದು ನಾನು ಹೇಳಿದರೆ ಅವಳಪ್ಪ, "ಇರ್ಲಿ ಬುಡಿ ಸಾ, ಚೆಂದಾಗೈತೆ" ಎಂದ. ಅವತ್ತು ಪರದೆಯ ಹಿಂದೆ ನಾನು ಅತ್ತುಬಿಟ್ಟೆ.

ಏಳೆಂಟು ವರ್ಷದ ಮೇಲೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಊರುಗೋಲು ಕುಟ್ಟಿಕೊಂಡು ಅವಳೇ ಬಂದು ಮಾತಾಡಿಸಿದಳು. "ಸಾ, ಗೊಂಬೆ ಗೌರಿ ಹೆಂಗವ್ಳೆ?"

"ಟ್ರಂಕಲ್ಲೇ ಇದ್ದಾಳೆ ಕಣಮ್ಮ. ಇಲಿ ಒಂದು ಕಿವಿ ತಿಂದಿದೆ."

ಅವಳು ಲೊಚಗುಟ್ಟಿದಳು. "ಗೌರಿ ಏಳ್ನೇ ಕ್ಲಾಸು ಪಾಸಾದ್ಲು ಅಂತ ಅವ್ಳಿಗೂ ಒಂದ್ ಮಾತು ಹೇಳ್ಬುಡಿ ಸಾ. ಟ್ರಂಕಲ್ಲಿರೋಳು, ಪಾಪ, ಗೊತ್ತಾಗಿರಾಕಿಲ್ಲ."