ಅರಬ್ಬೀ ಸಮುದ್ರದಲ್ಲಿ ನನ್ನ ಹೆಬ್ಬೆರಳು

ನನಗೆ ಈಜು ಬರುತ್ತದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಪೂರ್ತಿ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ!

ವಳಕಮದಿನ್ನಿಯ ಕಾಲುವೆಯಲ್ಲಿ ಎಮ್ಮೆಗಳ ಜೊತೆ ಈಜು ಕಲಿತವನು ನಾನು. ಈಗ ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನೀರಿನ ಒತ್ತಡದ ಪಾಠವನ್ನು ಹದಿನೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. ಗೋವಾಕ್ಕೆ ಹೋಗಿ, ಸ್ಕೂಬಾ ಡೈವಿಂಗ್ ಮಾಡಿ, ಸಮುದ್ರದ ತಳವನ್ನು ಖುದ್ದಾಗಿ ಪರಿಶೀಲಿಸಲು ನನಗಿಂತ ಅರ್ಹರು ತಾಲೂಕಿನಲ್ಲಿ ಯಾರಿದ್ದಾರೆ?

ಹೆಂಡತಿ ಗಿರಿಜಾಗೆ ಈಜು ಬಾರದು. ಮೊಣಕಾಲುದ್ದ ನೀರು ಕಂಡರೂ ಹಿಂದೆ ಸರಿಯುವವಳು. "ನಾ ದಂಡಿ ಮ್ಯಾಲ ಕುಂದರ್ತೀನ್ರಿ, ನೀವು ಮುಳುಗಿ ಬರ್ರಿ" ಎಂದಳು.

"ಈಜು ಬರದವ್ರಿಗೂ ನಡೀತದಂತ. ನಾ ನಿನ್ನ ಕೈ ಹಿಡ್ಕೊಂಡಿರ್ತೀನಿ."

"ಬಿಡಂಗಿಲ್ಲಲ್ಲ?"

"ಜೀವ ಹೋದ್ರೂ ಬಿಡಂಗಿಲ್ಲ!"

ಪಕ್ಕದ ಮನೆಯ ಟೇಲರ್ ಮಹಬೂಬಸಾಬರು ಮಾತ್ರ ಹೊಲಿಗೆ ನಿಲ್ಲಿಸಿ ಕೇಳಿದರು: "ಸರ್, ನಿಮಗ ಈಜಾಕ ಬರ್ತದ, ಖರೆ. ಮುಳುಗಾಕ ಬರ್ತದೇನ್ರಿ?"

ಅದೇನು ಕಲಿಯುವ ವಿದ್ಯೆಯೇ? ನಕ್ಕುಬಿಟ್ಟೆ.

ಶುಕ್ರವಾರ ಲಿಂಗಸುಗೂರಿನಿಂದ ಹೊರಟು, ಬಸ್ಸು ಬದಲಿಸಿ, ಗಡಿ ದಾಟಿ, ಶನಿವಾರ ಬೆಳಗ್ಗೆ ಗೋವಾದಲ್ಲಿ ದೋಣಿ ಹತ್ತಿದೆವು. ನಮ್ಮನ್ನು ಮುಳುಗಿಸುವವನು ಆಂಟನಿ ಎಂಬ ದಷ್ಟಪುಷ್ಟ ಯುವಕ. ನೀರೊಳಗೆ ಮಾತಾಡಲು ಆಗುವುದಿಲ್ಲವಲ್ಲ, ಅದಕ್ಕೆ ಕೈಸನ್ನೆಗಳನ್ನು ವಿವರಿಸುತ್ತಿದ್ದ. ನಾನು ಅದೇ ಹೊತ್ತಿಗೆ ಪಕ್ಕದ ಪ್ರವಾಸಿಗೆ ನಮ್ಮ ಕಾಲುವೆಯ ಸೆಳವನ್ನು ವಿವರಿಸುತ್ತಿದ್ದೆ. ಗಿರಿಜಾ ಮಾತ್ರ ಬೆರಳು ಮಡಚಿ, ಬಿಡಿಸಿ, ಪರೀಕ್ಷೆಗೆ ಕೂತವಳಂತೆ ಕಲಿಯುತ್ತಿದ್ದಳು.

"ರೀ, ಸ್ವಲ್ಪ ಕೇಳ್ರಿ" ಎಂದು ತಿವಿದಳು.

"ಕೈಸನ್ನಿ ಯಾರಿಗೆ ತಿಳಿಯಂಗಿಲ್ಲ? ಸುಮ್ನಿರು!"

ಕಪ್ಪು ರಬ್ಬರಿನ ಅಂಗಿ, ಅದರ ಮೇಲೆ ಗಾಳಿ ತುಂಬುವ ಜಾಕೆಟ್ಟು, ಬೆನ್ನಿಗೆ ಸಿಲಿಂಡರ್, ಕಾಲಿಗೆ ಬಾತುಕೋಳಿಯ ಪಾದದಂಥ ಉದ್ದನೆಯ ರಬ್ಬರ್ ರೆಕ್ಕೆ, ಬಾಯಲ್ಲಿ ಉಸಿರಾಟದ ಕೊಳವೆ. ಆಂಟನಿ ನನ್ನನ್ನು ಹಿಡಿದ. ತರಬೇತಿ ಕೊಡುವ ಇನ್ನೊಬ್ಬಳು ಗಿರಿಜಾಳನ್ನು ಹಿಡಿದಳು. ನಾನು ಗಿರಿಜಾಳ ಕೈ ಹಿಡಿದೆ. ನಾಲ್ವರೂ ಇಳಿದೆವು.

ಒಂದೆರಡು ಆಳುದ್ದ ಇಳಿದಿರಬೇಕು. ಆಂಟನಿ ಹೇಗಿದ್ದೀರಿ ಎಂಬಂತೆ ಮುಖ ನೋಡಿದ. ಭೇಷ್ ಎನ್ನಲು ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ತಕ್ಷಣ ನನ್ನನ್ನು ಗಿರಿಜಾಳಿಂದ ಬಿಡಿಸಿ ಮೇಲಕ್ಕೆ ತಂದುಬಿಟ್ಟ!

"ಕ್ಯಾ ಹುವಾ ಸರ್?"

"ಕುಛ್ ನೈ! ಏಕ್ದಂ ಮಸ್ತ್!"

ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ. ಗಿರಿಜಾ ಕೆಳಗೇ ಉಳಿದಿದ್ದಳು. ಮತ್ತೆ ಇಳಿದೆವು.

ಈ ಸಲ ಅವನು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಸೊನ್ನೆ ಮಾಡಿ ತೋರಿಸಿದ. ಸೊನ್ನೆ? ಸಿಲಿಂಡರಿನಲ್ಲಿ ಗಾಳಿ ಸೊನ್ನೆಯೇ? ಗಾಬರಿಯಾಗಿ ಉಸಿರೆಳೆದು ನೋಡಿದೆ. ಗಾಳಿ ಬರುತ್ತಿತ್ತು! ಬೇಕಾದಷ್ಟಿದೆ ಎಂದು ತಿಳಿಸಲು ಎರಡೂ ಹೆಬ್ಬೆರಳು ಎತ್ತಿದೆ. ಮೊದಲಿಗಿಂತ ಎರಡು ಪಟ್ಟು ವೇಗದಲ್ಲಿ ಮೇಲೆ ಬಂದೆವು.

ಮೂರನೇ ಸಲ ತಳ ಮಸುಕಾಗಿ ಕಾಣುವಷ್ಟು ಇಳಿದಿದ್ದೆವು. ಮುಖದ ಮುಂದೆಯೇ ದೊಡ್ಡ ಕರಿಯ ಬಾಲವೊಂದು ಬಡಿಯಿತು. ಮೊಸಳೆಯೋ ತಿಮಿಂಗಿಲವೋ, ನಿರ್ಧರಿಸುವಷ್ಟು ವಿಜ್ಞಾನ ಆಗ ನನ್ನಲ್ಲಿ ಉಳಿದಿರಲಿಲ್ಲ. ಆಂಟನಿಯನ್ನು ಅಪ್ಪಿಕೊಂಡು, ಮೇಲೆ ಬಂದು, ಕೊಳವೆ ಉಗುಳಿ ಕೂಗಿದೆ: "ದೊಡ್ಡ ಮೀನು! ನನ್ನ ಹೆಂಡ್ತಿ ಕೆಳಗ ಅದಾಳ! ಕೈ ಬಿಟ್ಟೀನಿ!"

ದೋಣಿಯವರಿಗೆ ಕನ್ನಡ ಬಾರದು. ನನಗೆ ಹಿಂದಿ ಮರೆತುಹೋಗಿತ್ತು. ನಾನೇ ಮುಳುಗಲು ತಲೆ ತಗ್ಗಿಸಿದೆ. ಆದರೆ ಆಂಟನಿ ನನ್ನ ಜಾಕೆಟ್ಟಿಗೆ ಗಾಳಿ ತುಂಬಿಬಿಟ್ಟಿದ್ದ. ಮುಳುಗಲು ಹೋದಷ್ಟೂ ಬೆಂಡಿನಂತೆ ತೇಲಿದೆ. ಆ ಹತ್ತು ನಿಮಿಷ ನಗೆಯ ಮಾತಲ್ಲ. ಬೇಡವೆಂದವಳನ್ನು ಕರೆತಂದು ಮೀನಿಗೆ ಕೊಟ್ಟೆನಲ್ಲ ಎಂದು ಉಪ್ಪು ನೀರಿನಲ್ಲೇ ಅತ್ತೆ.

ಕೊನೆಗೆ ಗಿರಿಜಾ ಎದ್ದಳು. ಮುಖ ಅರಳಿತ್ತು.

"ರೀ, ಎಲ್ಲಿ ಹೋಗಿದ್ರಿ? ಎಷ್ಟ್ ಮೀನ್ರೀ! ಹಳದಿವು, ಪಟ್ಟಾಪಟ್ಟಿವು! ಕೈಯಾಗ ಬಂದಂಗ ಬರ್ತಾವ!"

"ದೊಡ್ಡದು ಬಂದಿತ್ತಲ್ಲ? ಕರೇದು? ಬಾಲ ಬಡೀತಿತ್ತು?"

ಅವಳು ಯೋಚಿಸಿದಳು. ನಂತರ ತನ್ನ ರಬ್ಬರ್ ಕಾಲನ್ನು ನೀರಿನ ಮೇಲೆತ್ತಿ ಬಡಿದಳು. "ಇದೇನ್ರಿ?"

ಅದೇ ಬಾಲ!

ದೋಣಿ ಹತ್ತಿದ ಮೇಲೆ ಅವಳೇ ನನಗೆ ಪಾಠ ಹೇಳಿದಳು. "ಸೊನ್ನಿ ತೋರ್ಸಿದ್ರ, ಆರಾಮ ಅದೀರೇನು ಅಂತ ಕೇಳ್ದಂಗ. ಹೆಬ್ಬೆಟ್ಟು ಎತ್ತಿದ್ರ, ಮ್ಯಾಲ ಕರ್ಕೊಂಡು ಹೋಗು ಅಂದಂಗ. ಅವ ನಾಲ್ಕು ಸಲ ಹೇಳಿದ್ನಲ್ರಿ!" ಆಂಟನಿ ಕೈ ಮುಗಿದ. ಅದು ಯಾವ ಸನ್ನೆ ಎಂದು ನಾನು ಕೇಳಲಿಲ್ಲ.

ಸಂಜೆ ದಂಡೆಯ ಮೇಲೆ ಕುಳಿತು ಗಿರಿಜಾ ಬಳಗಾನೂರಿನ ತಂಗಿಗೆ ಫೋನು ಮಾಡಿದಳು. ಅರ್ಧ ಗಂಟೆ ಮೀನು, ಬಂಡೆ, ಬಣ್ಣ ಎಲ್ಲವನ್ನೂ ವರ್ಣಿಸಿದಳು. "ಮಾಮಾ ಏನ್ ನೋಡಿದ್ರಬೇ?" ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಗಿರಿಜಾ ನನ್ನ ಕಡೆ ನೋಡಿ, ನನ್ನ ಮರ್ಯಾದೆ ಉಳಿಸುವ ಮಾತಿಗೆ ಹುಡುಕಾಡಿದಳು.

"ಅವ್ರು ಸಮುದ್ರಾನ ಮ್ಯಾಲಿಂದ ನೋಡಿದ್ರು. ಮೂರು ಸಲ ನೋಡಿದ್ರು."