ಪೋಲೋ ಕೋಲೂ ಪಕ್ಕದ ಮನೆಯ ಕೆಂಡಸಂಪಿಗೆಯೂ

ನಮ್ಮ ಪದ್ಮನಾಭನಗರದಲ್ಲಿ ಹೂವಿಗೊಂದು ಕಾನೂನಿದೆ. ಗಿಡ ಯಾರದ್ದಾದರೂ ಇರಲಿ, ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆ ದೇವರದು. ದೇವರ ಪರವಾಗಿ ವಸೂಲಿಗೆ ಹೊರಡುವವರು ಬೆಳಗಿನ ವಾಕಿಂಗಿನ ನಮ್ಮಂಥ ಮುದುಕ ಮುದುಕಿಯರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಬಾಯಲ್ಲೊಂದು ಸ್ತೋತ್ರ. (ಮನೆಯವರು ಬಾಗಿಲು ತೆಗೆದರೂ ಸ್ತೋತ್ರ ಹೇಳುವವರನ್ನು ಬೈಯಲು ಹಿಂಜರಿಯುತ್ತಾರೆ.) ಆ ಕಾನೂನನ್ನು ನಂಬಿ ನಾನೀಗ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವಂತಾಗಿದೆ.

ನಮ್ಮ ಮೊಮ್ಮಗಳು ಇಂಚರ ಕಾಲೇಜಿಗೆ ಹೋಗುತ್ತಲೇ ಕುದುರೆ ಸವಾರಿ ಕಲಿತಳು. ಅದೂ ಸಾಲದೆ ಪೋಲೋ. ಓಡುವ ಕುದುರೆಯ ಮೇಲಿಂದ ಬಾಗಿ, ನೆಲದ ಮೇಲಿನ ಚೆಂಡನ್ನು ಉದ್ದನೆಯ ಕೋಲಿನಿಂದ ಹೊಡೆಯುವ ಆಟ. ಕೋಲೆಂದರೆ ಒಂದು ಬೆತ್ತ, ಅದರ ತುದಿಗೆ ಅಡ್ಡಲಾಗಿ ಸಿಕ್ಕಿಸಿದ ಮರದ ಕೊಡತಿ. ತಂಡದಲ್ಲಿ ಒಂದೇ ಜಾಗ ಖಾಲಿ ಇತ್ತು. ಭಾನುವಾರ ಚೆನ್ನಾಗಿ ಆಡಿದರೆ ಅದು ಇವಳದು. ಕೋಚ್ ಎರಡು ಕೋಲು ಕೊಟ್ಟು, ಮನೆಯಲ್ಲಿ ಬೀಸಿ ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಶನಿವಾರವೇ ವಾಪಸ್ ಕೊಡಬೇಕೆಂದಿದ್ದರು.

ನಮ್ಮನೆಯವರು ಚಕ್ರಪಾಣಿಗಳು (ಕೈಯಲ್ಲಿ ಚಕ್ರವಿಲ್ಲ, ಟೀವಿ ರಿಮೋಟ್ ಇದೆ) ಕೂಡಲೇ ಟೇಪು ತಂದು ಹುಡುಗಿಯನ್ನು ಗೋಡೆಗೆ ಒರಗಿಸಿ ಅಳೆಯತೊಡಗಿದರು.

“ತಾತ, ನನ್ ಎತ್ತರ ಅಲ್ಲ, ಕುದುರೆ ಎತ್ತರ ನೋಡ್ಬೇಕು.”

“ಹಾಗಿದ್ರೆ ಕುದುರೇನ ಕರ್ಕೊಂಡ್ ಬಾ.”

ಕೊನೆಗೆ ಕಾಂಪೌಂಡ್ ಗೋಡೆಯೇ ಕುದುರೆಯ ಪದವಿಗೇರಿತು. ಇಂಚರ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು ಬೀಸಿದಳು. ತಾತ ಚೆಂಡು ಎತ್ತಿಕೊಡುತ್ತ ಮೊಣಕಾಲಿಗೆ ಒಂದು ಏಟನ್ನೂ ಸಂಪಾದಿಸಿದರು. ಉದ್ದದಲ್ಲಿ ಎರಡೂ ಕೋಲು ಸರಿಯಾಗಿದ್ದವು. ಆದರೆ ಒಂದು ಬಿರುಸು, ಬಾಗುವ ಮಾತೇ ಇಲ್ಲ, ಇನ್ನೊಂದು ಮೃದು. ಕೋಲು ಅಂದರೆ ಕೈಯೇ ಉದ್ದ ಬೆಳೆದ ಹಾಗೆ ಅನ್ನಿಸಬೇಕಂತೆ. ಯಾವುದು ಹಾಗಿದೆಯೋ ಗೊತ್ತಾಗುತ್ತಿಲ್ಲವೆಂದು ಹುಡುಗಿ ಮಂಕಾಗಿ ಕೂತಳು. ನಾನು ಸೊಪ್ಪು ಸೋಸುತ್ತ ಎಲ್ಲ ಕೇಳಿಸಿಕೊಂಡೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಿಕ್ಕಿದ್ದೆಲ್ಲ ಕಿವಿಯಿಂದ ಕಲಿತದ್ದು. ಕೈಯೇ ಉದ್ದ ಬೆಳೆದ ಹಾಗೆ ಎಂಬ ಮಾತು ಕಿವಿಯಲ್ಲೇ ಉಳಿದುಬಿಟ್ಟಿತು.

ಯಾಕೆಂದರೆ ನನ್ನ ಕೈಗೂ ಆಗ ಅದೇ ಕೊರತೆ. ಪಕ್ಕದ ಮನೆ ವಿಜಯಲಕ್ಷ್ಮಿಯವರ ಕೆಂಡಸಂಪಿಗೆ ರಸ್ತೆಗೆ ಬಾಗಿದೆ, ಹೂವು ಮಾತ್ರ ಮೇಲಿದೆ. ಕೊಂಬೆ ಎಳೆಯುವ ನನ್ನ ದೋಟಿ ಹಿಂದಿನ ವಾರ ಸೀಳಿಹೋಗಿತ್ತು. ಆ ಮಹಾತಾಯಿ ದಿನಾ ಗೇಟಿನ ಹತ್ತಿರ ನಿಂತು, ಯಾರೋ ಒಂದು ಮೊಗ್ಗೂ ಬಿಡದೆ ಕೀಳುತ್ತಿದ್ದಾರೆ ಎಂದು ನನ್ನ ಹತ್ತಿರವೇ ಹೇಳಿಕೊಳ್ಳುತ್ತಿದ್ದರು. ನಾನೂ ತಾಳ್ಮೆಯಿಂದ ಕೇಳಿ, ಕಾಲ ಕೆಟ್ಟಿದೆ ಎಂದು ಸಮಾಧಾನ ಹೇಳುತ್ತಿದ್ದೆ.

ಶನಿವಾರ ಬೆಳಕು ಹರಿಯುವಾಗ ಎರಡೂ ಕೋಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಮೊಮ್ಮಗಳಿಗೆ ಆಯ್ಕೆ, ದೇವರಿಗೆ ಹೂವು, ಒಂದೇ ಕೆಲಸದಲ್ಲಿ ಎರಡು ಪುಣ್ಯ. ಬಿರುಸು ಕೋಲಿನ ಕೊಡತಿ ಕೊಂಬೆಯ ಮೇಲೆ ನಿಲ್ಲದೆ ಜಾರಿ ನನ್ನ ಹಣೆಗೇ ಬಡಿಯಿತು. ಮೃದು ಕೋಲು ಬಿಲ್ಲಿನ ಹಾಗೆ ಬಾಗಿ, ಕೊಂಬೆಯನ್ನು ಮೂಗಿನವರೆಗೆ ಇಳಿಸಿತು. ಕವರು ತುಂಬುವ ಹೊತ್ತಿಗೆ ಸಣ್ಣಗೆ ‘ಟಿಕ್’ ಅಂತು. ಕೊಂಬೆಯೋ, ಬೆತ್ತವೋ? ಅಷ್ಟರಲ್ಲಿ ವಿಜಯಲಕ್ಷ್ಮಿಯವರ ಬಾಗಿಲ ಚಿಲಕ ಸದ್ದಾಯಿತು. ಕೊಂಬೆಯೇ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಮನೆ ಸೇರಿದೆ.

ಇಂಚರಳಿಗೆ ಮೃದು ಕೋಲನ್ನೇ ಇಟ್ಟುಕೊಳ್ಳಲು ಹೇಳಿದೆ. ಅವಳು ಒಂದು ಸಲ ಬೀಸಿ ಹುಬ್ಬು ಗಂಟು ಹಾಕಿದಳು.

“ಅಜ್ಜಿ, ಇದು ನಿನ್ನೆಗಿಂತ ಜಾಸ್ತಿ ಬಾಗ್ತಿದೆ ಅಲ್ವಾ?”

“ಹೊಸದಲ್ವೇನೇ, ಪಳಗ್ತಾ ಇದೆ.”

ಅಜ್ಜಿಯ ಮಾತು ನಂಬಿ ಹುಡುಗಿ ಬಿರುಸು ಕೋಲನ್ನು ವಾಪಸ್ ಕೊಟ್ಟು ಬಂದಳು. ದೇವರ ಮನೆಯಲ್ಲಿ ಕೃಷ್ಣ ನನ್ನನ್ನೇ ನೋಡುತ್ತಿದ್ದ ಹಾಗನ್ನಿಸಿತು. ಅವನ ಕಣ್ಣಿಗೆ ಅಡ್ಡವಾಗಿ ಇನ್ನೆರಡು ಸಂಪಿಗೆ ಇಟ್ಟೆ.

ಭಾನುವಾರ ಮೈದಾನಕ್ಕೆ ನಾನು, ಚಕ್ರಪಾಣಿಗಳು, ಜೊತೆಗೆ ವಿಜಯಲಕ್ಷ್ಮಿ. (ಮೊಮ್ಮಗಳ ಹೆಚ್ಚುಗಾರಿಕೆ ತೋರಿಸಬೇಕೆಂದು ನಾನೇ ಕರೆದಿದ್ದೆ.) ಇಂಚರ ಕುದುರೆ ಓಡಿಸಿಕೊಂಡು ಬಂದು ಮೊದಲ ಏಟು ಬೀಸಿದಳು. ಚೆಂಡು ಇದ್ದಲ್ಲೇ ಇತ್ತು. ಕೊಡತಿ ಮಾತ್ರ ಬೆತ್ತದಿಂದ ಮುರಿದು ಹಾರಿ, ಹುಲ್ಲಿನ ಮೇಲೆ ಉರುಳಿ ನಮ್ಮ ಕಾಲ ಬುಡಕ್ಕೆ ಬಂದು ನಿಂತಿತು. ಎದುರು ತಂಡದವರು ಚೆಂಡನ್ನು ತಮ್ಮದಾಗಿಸಿಕೊಂಡರು. ಕೈಯಲ್ಲಿ ಬರೀ ಬೆತ್ತ ಹಿಡಿದ ಮಗುವಿನ ಮುಖ ನೋಡಲಾರದೆ ನಾನು ಚಪ್ಪಲಿ ನೋಡುತ್ತ ಕೂತೆ.

ಕೋಚ್ ಓಡಿಬಂದು ಅವಳ ಕೈಗೆ ಬೇರೆ ಕೋಲು ಕೊಟ್ಟರು. ಯಾವುದು ಅಂತೀರಿ, ನಾನು ಬೇಡವೆಂದಿದ್ದ ಅದೇ ಬಿರುಸು ಕೋಲು. ಅದರಲ್ಲಿ ಅವಳು ಹೊಡೆದ ಏಟಿಗೆ ಚೆಂಡು ನೇರ ಗೋಲಿನೊಳಗೆ ಹೋಯಿತು. ಆಟ ಮುಗಿಯುವಷ್ಟರಲ್ಲಿ ಜಾಗವೂ ಅವಳದಾಯಿತು. ನನಗೆ ಹೋದ ಜೀವ ಬಂತು. ಬಂದದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಆಟ ಮುಗಿದ ಮೇಲೆ ಕೋಚ್ ಮುರಿದ ಕೋಲನ್ನು ಹಿಡಿದು, ಇದನ್ನು ಯಾವುದಕ್ಕೋ ಸಿಕ್ಕಿಸಿ ಎಳೆದಿದ್ದೀಯ ಎಂದು ಇಂಚರಳನ್ನು ಗದರಿದರು. ಅವಳು ಏನೂ ತಿಳಿಯದೆ ತಲೆ ತಗ್ಗಿಸಿದಳು. ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ.

“ಸಾರ್, ಅವಳಲ್ಲ. ನಾನು.”

ಕೋಚ್ ನನ್ನ ಒಂಬತ್ತು ಗಜದ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಪೋಲೋ ಆಡ್ತೀರಾ ಅಮ್ಮ?”

ವಿಜಯಲಕ್ಷ್ಮಿ ಅಷ್ಟು ಹೊತ್ತೂ ಆ ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಅದಕ್ಕೆ ಸುತ್ತಿದ್ದ ಪಟ್ಟಿಯೊಳಗಿಂದ ಒಂದು ಬಾಡಿದ ಕೆಂಪು ಎಸಳನ್ನು ಬಿಡಿಸಿ ಮೂಸಿ ನೋಡಿದರು.

“ಆಡ್ತಾರೆ ಸಾರ್,” ಎಂದರು ಮೆತ್ತಗೆ. “ದಿನಾ ಬೆಳಗ್ಗೆ. ನಮ್ಮನೆ ಗೇಟ್ ಹತ್ರ.”

ಮನೆ ಮುಂದೆ ಆಟೋ ಇಳಿಯುವಾಗ ವಿಜಯಲಕ್ಷ್ಮಿ, ನಾಳೆಯಿಂದ ಬೆಲ್ ಒತ್ತಿ, ನಾನೇ ಕಿತ್ತು ಕೊಡುತ್ತೇನೆ ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಹೋದೆ. ಅಷ್ಟು ಮೇಲಿನ ಸಂಪಿಗೆಗೆ ನಿಲುಕುತ್ತಿದ್ದ ಕೈ ಎದೆಮಟ್ಟದ ಬೆಲ್ಲಿಗೆ ನಿಲುಕಲಿಲ್ಲ. ಕೊನೆಗೂ ಒತ್ತಿದೆ. ಆಕೆ ಬಾಗಿಲು ತೆಗೆದ ಕೂಡಲೇ ಹೂವು ಎನ್ನಲು ನಾಲಿಗೆ ಏಳದೆ, ಸ್ವಲ್ಪ ಹೆಪ್ಪಿದ್ದರೆ ಕೊಡಿ ಎಂದುಬಿಟ್ಟೆ. ಆಕೆ ಏನೂ ಕೇಳದೆ ಒಳಗೆ ಹೋಗಿ ಒಂದು ಬಟ್ಟಲು ಮೊಸರು, ಅದರ ಜೊತೆಗೆ ಬಾಳೆಲೆಯಲ್ಲಿ ಸಂಪಿಗೆ ತಂದು ಕೈಗಿತ್ತರು.

ಹೂವನ್ನು ಕೃಷ್ಣನಿಗೆ ಇಟ್ಟೆ, ಈ ಸಲ ಕಾಲಿನ ಹತ್ತಿರ. ಹೆಪ್ಪನ್ನು ಏನು ಮಾಡುವುದೋ ತಿಳಿಯುತ್ತಿಲ್ಲ. ಫ್ರಿಜ್ಜಿನಲ್ಲಿ ಆಗಲೇ ಎರಡು ಪಾತ್ರೆ ಮೊಸರಿದೆ.