ಶಂಭು ಮೇಷ್ಟ್ರ ಎಕ್ಸ್‌ಪಿ

ಆಲ್ದೂರಿನ ಶಂಭು ಮೇಷ್ಟ್ರು ರಿಪೇರಿಗೆಂದು ಬಿಚ್ಚಿದ ಯಾವ ಯಂತ್ರವೂ ಮತ್ತೆ ಉಸಿರಾಡಿದ್ದಿಲ್ಲ. ಗೋಡೆ ಗಡಿಯಾರ, ಮಿಕ್ಸಿ, ಮಾವನ ರೇಡಿಯೋ ಎಲ್ಲವೂ ಅವರ ಕೈಯಲ್ಲೇ ಕಣ್ಣು ಮುಚ್ಚಿದ್ದವು. ಹಾಗಾಗಿ 2003ರ ಡಿಸೆಂಬರಿನ ಒಂದು ಭಾನುವಾರ, ಮನೆಯ ಕಂಪ್ಯೂಟರಿನಲ್ಲಿದ್ದ ವಿಂಡೋಸ್ 98 ತೆಗೆದು ಎಕ್ಸ್‌ಪಿ ಹಾಕಲು ಅವರು ಸಿ.ಡಿ. ಹಿಡಿದು ಕೂತಾಗ ಹೆಂಡತಿ ಸುಭದ್ರಾ ಬಾಗಿಲಲ್ಲೇ ನಿಂತಳು.

"ನೋಡಿ, ಇದೂ ಕೆಟ್ರೆ ನೀವಿನ್ನು ಜನ್ಮದಲ್ಲಿ ಕಂಪ್ಯೂಟ್ರು ಮುಟ್ಟೋ ಹಾಗಿಲ್ಲ."

ಆದರೂ ಮೇಷ್ಟ್ರು ಸಿ.ಡಿ.ಯನ್ನು ಒಳಗೆ ತಳ್ಳಿದರು. ವಾರವಿಡೀ ಮಕ್ಕಳಿಗೆ ಬೀಜಗಣಿತ ಹೇಳಿ ದಣಿದ ಜೀವಕ್ಕೆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುವುದೊಂದೇ ಸುಖ. ಹೊಸದರಲ್ಲಿ ಇಸ್ಪೀಟಿನ ಆಟಗಳು ಹೆಚ್ಚಿವೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದರು.

ಪರದೆ "ಇನ್ನು 39 ನಿಮಿಷ" ಎಂದಿತು. ಅಷ್ಟರಲ್ಲಿ ಬಲ್ಬು ಮಂಕಾಯಿತು. ಪಕ್ಕದ ಮನೆಯ ಕೃಷ್ಣಮ್ಮ ಗ್ರೈಂಡರ್ ಹಾಕಿದ್ದರು. ಮೇಷ್ಟ್ರು ಬನಿಯನ್ನಿನಲ್ಲೇ ಓಡಿದರು.

"ದಮ್ಮಯ್ಯ, ಗ್ರೈಂಡರ್ ನಿಲ್ಸಿ! ವೋಲ್ಟೇಜ್ ಬಿದ್ದು ಕಂಪ್ಯೂಟ್ರು ಅರ್ಧಕ್ಕೆ ನಿಂತ್ರೆ ನನ್ನ ಕತೆ ಮುಗೀತು. ಹಿಟ್ಟು ಆಮೇಲೆ ನಾನೇ ರುಬ್ಬಿಕೊಡ್ತೀನಿ."

"ಅಯ್ಯೋ ನಿಲ್ಲಿಸ್ತೀನಿ ಮಾರಾಯ್ರೆ, ನೀವು ಮಾತ್ರ ಗ್ರೈಂಡರ್ ಮುಟ್ಬೇಡಿ!"

ಎದುರುಮನೆಯ ಚಿಕ್ಕಯ್ಯನವರೂ ನೀರಿನ ಮೋಟಾರು ನಿಲ್ಲಿಸಿದರು. ಮೂರು ದಿನದಿಂದ ಮೋಡ ಕವಿದು ಅವರ ಕಾಫಿಯೆಲ್ಲ ಒಣಗದೆ ಕಣದಲ್ಲಿ ಟಾರ್ಪಾಲಿನಡಿ ಬಿದ್ದಿತ್ತು. ಹೇಗೂ ಕೆಲಸವಿರಲಿಲ್ಲ. ಕೃಷ್ಣಮ್ಮನ ಜೊತೆ ಅವರೂ ಬಂದು ಕ್ರಿಕೆಟ್ ನೋಡುವವರಂತೆ ಕುರ್ಚಿ ಎಳೆದುಕೊಂಡರು. ಹನ್ನೆರಡು ನಿಮಿಷ ಉಳಿದಾಗ ಬಲ್ಬು ಮತ್ತೆ ಮಿನುಗಿತು. ಕೃಷ್ಣಮ್ಮ ಕಳಸೇಶ್ವರನಿಗೆ ತೆಂಗಿನಕಾಯಿ ಹರಕೆ ಹೊತ್ತರು. ಮೇಷ್ಟ್ರು ಬೆವೆತು ತೊಪ್ಪೆಯಾದರು.

ಕೊನೆಗೆ ಟಿಣ್ ಎಂದು ಇಂಪಾದ ಸದ್ದು ಬಂತು. ಪರದೆ ತುಂಬ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ. ಮೇಷ್ಟ್ರು ಗೆದ್ದಿದ್ದರು!

"ಅರೆ, ಇದು ನಮ್ಮ ದೇವರಮನೆ ಗುಡ್ಡ ಅಲ್ವಾ!" ಎಂದರು ಚಿಕ್ಕಯ್ಯ.

"ಹೌದೌದು, ಅದೇ ಹುಲ್ಲು, ಅದೇ ಇಳಿಜಾರು," ಎಂದರು ಕೃಷ್ಣಮ್ಮ.

ಚಿಕ್ಕಯ್ಯ ಪರದೆಗೆ ಮೂಗು ತಾಗಿಸಿದರು. "ಅಲ್ಲಿ ಬಿಸಿಲು ಬಿದ್ದಿದೆ ಮಾರಾಯ್ರೆ! ಮಳೆಮೋಡನೇ ಇಲ್ಲ! ನಮಗೆ ಮಳೆ ಬರೋದು ಆ ಕಡೆಯಿಂದ್ಲೇ ತಾನೆ?" ಎಂದವರೇ ಟಾರ್ಪಾಲು ತೆಗೆಯಲು ಓಡಿದರು.

ಅದು ಬರೀ ಚಿತ್ರ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಆದರೆ ಸುಭದ್ರಾ ಗಂಡನನ್ನೇ ನೋಡುತ್ತಿದ್ದಳು, ಮದುವೆ ಮಂಟಪದಲ್ಲೂ ಅಷ್ಟು ಮೆಚ್ಚಿ ನೋಡಿರಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿತು.

ಮುಂದಿನ ಅರ್ಧ ಗಂಟೆ ಮೇಷ್ಟ್ರು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಒಂದು ಹನಿ ಬಿದ್ದರೂ ಮಾನ ಹೋಗುತ್ತಿತ್ತು. ಆದರೆ ಗಾಳಿ ಬೀಸಿತು, ಮೋಡ ಚದುರಿತು, ಬಿಸಿಲು ಬಂದೇಬಿಟ್ಟಿತು! ಕೇರಿಯವರೆಲ್ಲ ಕಾಫಿ ಹರಡಿದರು. ಸಂಜೆಯವರೆಗೂ ಬಂದವರೆಲ್ಲ ಮೇಷ್ಟ್ರ ಕೈ ಕುಲುಕಿದರು. ಸುಭದ್ರಾ ಕೇಳದೆಯೇ ಎರಡು ಸಲ ಕಾಫಿ ಕೊಟ್ಟಳು. ಮೇಷ್ಟ್ರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಬೆರಳಿನ ನೆಟಿಕೆ ಮುರಿದು, ಇಸ್ಪೀಟು ತೆರೆಯಲು ಮೌಸಿನ ಮೇಲೆ ಕೈಯಿಟ್ಟರು. ಸುಭದ್ರಾ ಪಟ್ಟನೆ ಕೈಗೆ ಹೊಡೆದಳು.

"ಏನ್ರೀ ಇದು? ಗುಡ್ಡ ಮುಚ್ಚೋಗುತ್ತೆ! ಊರಿನ ಕಾಫಿ ಒಣಗೋವರ್ಗೂ ಇದನ್ನ ಯಾರಿಗೂ ಮುಟ್ಟೋಕೆ ಬಿಡಲ್ಲ ಅಂತ ಚಿಕ್ಕಯ್ನೋರಿಗೆ ಮಾತು ಕೊಟ್ಟಿದೀನಿ."

"ಅದು ಬರೀ ಚಿತ್ರ ಕಣೇ!"

"ಹಾಗಿದ್ರೆ ಅವ್ರು ಟಾರ್ಪಾಲ್ ತೆಗೆಯೋಕೆ ಓಡಿದಾಗ ಯಾಕೆ ಹೇಳ್ಲಿಲ್ಲ?"

ಸುಭದ್ರಾ ಮೇಷ್ಟ್ರನ್ನು ಹೊರಗೆ ಕಳಿಸಿ, ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.